ಸೂರ್ಯೋದಯದ ಪಕ್ಕ ಉಬ್ಬರದ ಹೊತ್ತನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಡಿಸೆಂಬರ್ ಕೊನೆಗೋ ಜನವರಿಯಲ್ಲೋ ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ಕಡಲಕ್ಕಿಗಳ ಹಿಂಡಿನ ಒಂದು ಚಿತ್ರ ಬರುತ್ತದೆ. ಕೆಳಗೆ ‘ಚಳಿಗಾಲದ ಅತಿಥಿಗಳು ಬಂದಿಳಿದರು’ ಎಂಬ ಒಕ್ಕಣೆ ಇರುತ್ತದೆ. ಚಿತ್ರ ಚೆನ್ನಾಗಿಯೇ ಇರುತ್ತದೆ, ಸುದ್ದಿ ಮಾತ್ರ ನಾಲ್ಕು ತಿಂಗಳು ತಡ. ಅದನ್ನು ನಂಬಿ ಶಾಲೆ, ಕಾಲೇಜು, ಯುವಕ ಮಂಡಲಗಳೂ ಪಕ್ಷಿವೀಕ್ಷಣೆಗೆ ಡಿಸೆಂಬರ್ ಬರಲಿ ಎಂದು ಕಾಯುತ್ತವೆ. ಕಾದ ಮೇಲೆ ಭಾನುವಾರ ಬೆಳಗ್ಗೆ ಆರೂವರೆಗೆ, ನದಿ ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ಸೇರುವುದೆಂದು ನಿಗದಿ ಮಾಡುತ್ತವೆ. ಕಾಡಿಗೆ ಹೋಗುವುದಾದರೆ ಆರೂವರೆ ಸರಿಯಾದ ಹೊತ್ತೇ. ಅಳಿವೆಯಲ್ಲಿ ಆ ಹೊತ್ತಿಗೆ ನೀರು ಪೂರ್ತಿ ಇಳಿದಿದ್ದರೆ ಹಕ್ಕಿಗಳೆಲ್ಲ ಅರ್ಧ ಕಿಲೋಮೀಟರ್ ಆಚೆಯ ಕೆಸರಿನಲ್ಲಿ ಚುಕ್ಕೆಗಳಾಗಿರುತ್ತವೆ. ಮಕ್ಕಳು ಒಂದು ಗಂಟೆ ಕಣ್ಣು ಕಿರಿದು ಮಾಡಿ ನೋಡಿ, ಬಿಸ್ಕತ್ತು ತಿಂದು ವಾಪಸಾಗುತ್ತಾರೆ.

ಈ ಪತ್ರ ಒಂದೇ ಒಂದು ಕೋರಿಕೆಗಾಗಿ. ನಿಮ್ಮ ಪತ್ರಿಕೆಯಲ್ಲಿ ತಿಥಿ, ನಕ್ಷತ್ರ, ರಾಹುಕಾಲ, ಸೂರ್ಯೋದಯ, ಸೂರ್ಯಾಸ್ತ ದಿನವೂ ಬರುತ್ತದೆ. ಅದರ ಜೊತೆಗೆ ಪಣಂಬೂರು ಬಂದರಿನ ಉಬ್ಬರ-ಇಳಿತದ ಹೊತ್ತನ್ನೂ ಆಗಸ್ಟ್ ಕೊನೆಯಿಂದ ಏಪ್ರಿಲ್‌ವರೆಗಾದರೂ ಹಾಕಿ. ಯಾಕೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ. ಈ ಋತುವಿನಲ್ಲಿ ಹೊರಡುವವರಿಗೂ ಉಪಯೋಗವಾದೀತು.

ಮೊದಲು ತಿಂಗಳುಗಳ ಲೆಕ್ಕ. ಸೋಣದ ಮಳೆ ಇನ್ನೂ ಬಿಟ್ಟಿರುವುದಿಲ್ಲ, ಅಷ್ಟರಲ್ಲೇ ಕಡಲ ದಂಡೆಯ ಗೊರವಗಳು, ಪ್ಲೋವರ್‌ಗಳು ಬರತೊಡಗುತ್ತವೆ. ಆಗಸ್ಟ್ ಕೊನೆಗೆ ಕಾಣುವವು ಹೆಚ್ಚಾಗಿ ಬೆಳೆದ ಹಕ್ಕಿಗಳು. ಸ್ಯಾಂಡ್ ಪ್ಲೋವರ್‌ಗಳ ಎದೆಯಲ್ಲಿ ಮರಿ ಮಾಡುವ ಕಾಲದ ಕಿತ್ತಳೆ ಬಣ್ಣ ಅರ್ಧಂಬರ್ಧ ಉಳಿದಿರುತ್ತದೆ. ಆ ವರ್ಷ ಹುಟ್ಟಿದ ಮರಿಗಳು ಹಿಂದಿನಿಂದ ಬರುತ್ತವೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಅವುಗಳ ಬೆನ್ನಿನ ಗರಿಗಳ ಅಂಚು ತಿಳಿಬಣ್ಣದ್ದು, ಹೊಸದಾಗಿ, ನೀಟಾಗಿ ಜೋಡಿಸಿದಂತಿರುತ್ತದೆ. ಡಿಸೆಂಬರಿಗೆ ಬಂದವರಿಗೆ ಈ ಎರಡೂ ಕಾಣಸಿಗುವುದಿಲ್ಲ. ಆಗ ಎಲ್ಲವೂ ಒಂದೇ ಬೂದು-ಕಂದು ಬಣ್ಣಕ್ಕೆ ತಿರುಗಿ, ಗುರುತಿಸುವುದು ಇನ್ನಷ್ಟು ಕಷ್ಟವಾಗಿರುತ್ತದೆ.

ಸೆಪ್ಟೆಂಬರಿನಲ್ಲಿ ಬೂದು ಸಿಪಿಲೆ ಹಿಮಾಲಯದ ತೊರೆಗಳಿಂದ ಇಳಿದು ಬರುತ್ತದೆ. ಘಟ್ಟದ ಹೊಳೆಗಷ್ಟೇ ಅಲ್ಲ, ಮಂಗಳೂರಿನ ತಾರಸಿ, ತೋಡು, ಕಾಂಕ್ರೀಟ್ ಅಂಗಳಗಳಿಗೂ ಬರುತ್ತದೆ. ಅದೇ ತಿಂಗಳು ಕವಲುತೋಕೆಗಳು ವಿದ್ಯುತ್ ತಂತಿಯ ಮೇಲೆ ಸಾಲುಗಟ್ಟುತ್ತವೆ. ನೀಲಿ ಬಾಲದ ಕಳ್ಳಿಪೀರವೂ ತಂತಿಗೆ ಬರುತ್ತದೆ. ಅಕ್ಟೋಬರಿನಲ್ಲಿ ತೋಟದೊಳಗೆ ಸಣ್ಣ ಉಲಿಯಕ್ಕಿಗಳು, ಕಂದು ಕಳಿಂಗ, ಹೊನ್ನಕ್ಕಿ, ರಾಜಹಕ್ಕಿ, ನವರಂಗ. ನವೆಂಬರಿನಲ್ಲಿ ಬ್ರೌನ್-ಹೆಡೆಡ್ ಕಡಲಕ್ಕಿಗಳು ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳಿಂದ ಬಂದು ಮೀನುಗಾರಿಕೆ ಧಕ್ಕೆಗಳಲ್ಲಿ ತುಂಬುತ್ತವೆ. ಸೈಬೀರಿಯಾ, ಚೀನಾ ಕಡೆಯಿಂದ ಆಫ್ರಿಕಾಕ್ಕೆ ಹೊರಟ ಅಮುರ್ ಚಾಣ ನಮ್ಮ ಆಕಾಶ ದಾಟುವುದು ನವೆಂಬರ್-ಡಿಸೆಂಬರಿನಲ್ಲೇ. ಅದು ಒಂದೆರಡು ದಿನ ಇದ್ದರೆ ನಮ್ಮ ಅದೃಷ್ಟ. ಪತ್ರಿಕೆಯಲ್ಲಿ ಚಿತ್ರ ಬರುವ ಹೊತ್ತಿಗೆ ಹೊಸದಾಗಿ ಬರುವುದಕ್ಕೆ ಬಹಳವೇನೂ ಬಾಕಿ ಇರುವುದಿಲ್ಲ.

ಇನ್ನು ನೀರಿನ ವಿಷಯ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಕಡಲು 10 ಮೀಟರಿನಷ್ಟು ಏರಿಳಿಯುತ್ತದೆ. ನಮ್ಮಲ್ಲಿ ಅಮಾವಾಸ್ಯೆ, ಹುಣ್ಣಿಮೆಗೂ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸು. ಅಷ್ಟೇ ಎಂದು ಅನ್ನಿಸಬಹುದು. ಆದರೆ ಅಳಿವೆಯ ಕೆಸರು ಬಯಲು ಬಹುತೇಕ ಮಟ್ಟಸ. ಅಲ್ಲಿ ಒಂದು ಮೀಟರ್ ನೀರು ಇಳಿದರೆ ಎಕರೆಗಟ್ಟಲೆ ಜಾಗ ತೆರೆದುಕೊಳ್ಳುತ್ತದೆ. ಏಡಿ, ಹುಳು, ಚಿಪ್ಪುಜೀವಿಗಳೆಲ್ಲ ಇರುವುದು ಅಲ್ಲೇ. ನೀರು ಇಳಿದಾಗ ಹಕ್ಕಿಗಳು ಈ ಇಡೀ ಬಯಲಿಗೆ ಹರಡಿಕೊಳ್ಳುತ್ತವೆ. ಏರತೊಡಗಿದಾಗ ನೀರಿನ ಅಂಚಿನ ಜೊತೆಜೊತೆಗೆ ದಡದತ್ತ ಸರಿಯುತ್ತವೆ. ತುಂಬಿದಾಗ ಎತ್ತರದ ಮರಳು ದಿಬ್ಬ, ಕಲ್ಲಿನ ತಡೆಗೋಡೆ, ಪಾಳು ಸಿಗಡಿ ಕೆರೆಯ ಏರಿ, ಹೀಗೆ ಒಣಗಿದ ಒಂದು ತುಣುಕು ಜಾಗ ಹುಡುಕಿ ಎಲ್ಲವೂ ಒಟ್ಟಾಗಿ ಕೂರುತ್ತವೆ. ನೋಡುವವರಿಗೆ ಒಳ್ಳೆಯ ಹೊತ್ತು ಎಂದರೆ ಉಬ್ಬರದ ತುದಿಗಿಂತ ಎರಡು ಗಂಟೆ ಮೊದಲಿನಿಂದ ಅರ್ಧ ಗಂಟೆ ಮೊದಲಿನವರೆಗೆ. ನೀವು ಒಂದು ಕಡೆ ಸುಮ್ಮನೆ ಕುಳಿತರೆ ಸಾಕು, ನೀರೇ ಹಕ್ಕಿಗಳನ್ನು ನಿಮ್ಮತ್ತ ಅಟ್ಟಿಕೊಂಡು ಬರುತ್ತದೆ. ಎರಡನೆಯ ಒಳ್ಳೆಯ ಹೊತ್ತು ಉಬ್ಬರ ಕಳೆದು ಒಂದೂವರೆ ಗಂಟೆಗೆ, ಮೊದಲ ಕೆಸರು ಮೇಲೆದ್ದಾಗ. ಹಸಿದ ಹಕ್ಕಿಗಳು ಆ ಸಣ್ಣ ಪಟ್ಟಿಗೇ ಮುಗಿಬೀಳುತ್ತವೆ.

ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆದ್ದರಿಂದ ಪತ್ರಿಕೆಯಲ್ಲಿ ಈಗಾಗಲೇ ಇರುವ ತಿಥಿಯಿಂದಲೇ ಒಂದು ಅಂದಾಜು ಮಾಡಿಕೊಳ್ಳಬಹುದು. ಅಮಾವಾಸ್ಯೆ, ಹುಣ್ಣಿಮೆಗಳಂದು ನಮ್ಮ ಕರಾವಳಿಯಲ್ಲಿ ಉಬ್ಬರದ ತುದಿ ಹೆಚ್ಚುಕಡಿಮೆ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು. ಅಂದರೆ ಬೆಳಗ್ಗೆ ಐದೂವರೆ-ಆರಕ್ಕೆ ಪೂರ್ತಿ ಇಳಿತ. ‘ನಾಳೆ ಹುಣ್ಣಿಮೆ, ಬೆಳಗ್ಗೆ ಬೇಗ ಹೋಗೋಣ’ ಎಂದು ಹೊರಟವರಿಗೆ ಹಕ್ಕಿ ಸಿಗದಿರುವುದು ಇದಕ್ಕೇ. ಅಂದು ಎಂಟೂವರೆ-ಒಂಬತ್ತಕ್ಕೆ ಹೋದರೆ ಸಾಕು, ಆದರೆ ಬಿಸಿಲು ಏರಿರುತ್ತದೆ. ಹುಣ್ಣಿಮೆಗೆ ಮೂರು ದಿನ ಮುಂಚೆ, ದ್ವಾದಶಿ-ತ್ರಯೋದಶಿಯ ಹೊತ್ತಿಗೆ, ಉಬ್ಬರ ಬೆಳಗ್ಗೆ ಒಂಬತ್ತು-ಹತ್ತರ ಒಳಗೆ ಬರುತ್ತದೆ. ಏಳು ಗಂಟೆಗೆ ಅಳಿವೆಯಲ್ಲಿದ್ದರೆ ಏರುವ ನೀರೂ ಸಿಕ್ಕಿತು, ತಂಪು ಹೊತ್ತೂ ಸಿಕ್ಕಿತು. ಸಂಜೆ ಹೋಗುವವರಿಗೆ ಚೌತಿ-ಪಂಚಮಿ ಅನುಕೂಲ. ಮೂರರ ಸುಮಾರಿಗೆ ತುಂಬಿದ ನೀರು ನಾಲ್ಕೂವರೆಗೆ ಕೆಸರು ಬಿಟ್ಟುಕೊಡುತ್ತದೆ. ಅಷ್ಟಮಿ ಕಳೆದ ಒಂದೆರಡು ದಿನ ಮಾತ್ರ ಏರಿಳಿತವೇ ತೀರ ಕಡಿಮೆ. ಅಂಥ ದಿನ ಅಳಿವೆ ಬಿಟ್ಟು ಗದ್ದೆಗೆ ಹೋಗುವುದು ಬುದ್ಧಿವಂತಿಕೆ.

ಇದು ಅಂದಾಜು ಮಾತ್ರ, ಅರ್ಧ-ಮುಕ್ಕಾಲು ಗಂಟೆ ಆಚೀಚೆ ಆಗುತ್ತದೆ. ದಿನದ ಎರಡು ಉಬ್ಬರಗಳೂ ಒಂದೇ ಎತ್ತರಕ್ಕೆ ಬರುವುದಿಲ್ಲ. ಒಂದು ದೊಡ್ಡದು, ಒಂದು ಸಣ್ಣದು. ನದಿಯ ಒಳಕ್ಕೆ ಹೋದಷ್ಟೂ ಉಬ್ಬರ ತಡ. ಕೂಳೂರು ಸೇತುವೆಯ ಬಳಿ ನೀರು ಏರುತ್ತಲೇ ಇರುವಾಗ ಬೆಂಗ್ರೆಯ ತುದಿಯಲ್ಲಿ ಇಳಿಯಲು ಶುರುವಾಗಿರಬಹುದು. ಸೆಪ್ಟೆಂಬರಿನಲ್ಲಿ ಘಟ್ಟದಲ್ಲಿ ಜೋರು ಮಳೆ ಬಿದ್ದರೆ ನೆರೆನೀರು ಇಳಿತವನ್ನೇ ನುಂಗಿಹಾಕುತ್ತದೆ. ತಿಥಿಯ ಲೆಕ್ಕ ಸರಿ ಇದ್ದೂ ಕೆಸರು ಮೇಲೇಳುವುದಿಲ್ಲ. ಆದ್ದರಿಂದಲೇ ಅಚ್ಚಾದ ಸರಿಯಾದ ಹೊತ್ತು ಬೇಕು ಎನ್ನುವುದು. ಭಾರತೀಯ ಸರ್ವೇಕ್ಷಣಾ ಇಲಾಖೆ ಇಡೀ ವರ್ಷದ ಉಬ್ಬರ ಕೋಷ್ಟಕವನ್ನು ಮೊದಲೇ ಪ್ರಕಟಿಸುತ್ತದೆ. ಪತ್ರಿಕೆಗೆ ಅದರಿಂದ ಎತ್ತಿ ಹಾಕುವಷ್ಟೇ ಕೆಲಸ.

ಯಾವ ದಡದಲ್ಲಿ ನಿಲ್ಲಬೇಕೆಂಬುದೂ ಹೊತ್ತಿನಷ್ಟೇ ಮುಖ್ಯ. ಕೋಡಿ ಬೆಂಗ್ರೆ, ಮಟ್ಟು-ಪಡುಕೆರೆ, ಸಸಿಹಿತ್ಲು, ತಣ್ಣೀರುಬಾವಿ-ಬೆಂಗ್ರೆ, ಇವೆಲ್ಲ ಒಂದೇ ಬಗೆಯ ಜಾಗಗಳು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ನದಿ, ನಡುವೆ ಮರಳಿನ ಉದ್ದ ನಾಲಗೆ. ಬೆಳಗ್ಗೆ ಆ ಮರಳಿನ ಮೇಲೆ ನಿಂತು ನದಿಯತ್ತ ನೋಡಿದರೆ ಸೂರ್ಯ ನೇರ ಮುಖಕ್ಕೆ, ಹಕ್ಕಿಗಳೆಲ್ಲ ಕಪ್ಪು ನೆರಳು. ಬಣ್ಣ, ಕಾಲು, ಕೊಕ್ಕು ಏನೂ ತಿಳಿಯದು. ಬೆಳಗ್ಗೆ ನದಿಯ ಪೂರ್ವದ ದಡದಲ್ಲಿ ನಿಲ್ಲಬೇಕು. ಸ್ವರ್ಣಾ-ಸೀತಾ ಅಳಿವೆಯಾದರೆ ಹಂಗಾರಕಟ್ಟೆಯ ಕಡೆ, ಫಲ್ಗುಣಿಯಾದರೆ ಸುಲ್ತಾನ್ ಬತ್ತೇರಿಯ ಕಡೆ. ಸಂಜೆ ಮರಳಿನ ಕಡೆಗೆ ದಾಟಿ ಪೂರ್ವಕ್ಕೆ ಮುಖ ಮಾಡಿದರೆ ಬೆಳಕು ಬೆನ್ನ ಹಿಂದಿನಿಂದ ಬೀಳುತ್ತದೆ. ಗಂಗೊಳ್ಳಿಯ ಪಂಚಗಂಗಾವಳಿ, ಉಳ್ಳಾಲದ ನೇತ್ರಾವತಿ ಅಳಿವೆಗಳಿಗೂ ಇದೇ ನಿಯಮ. ಈ ಮರಳ ದಿಬ್ಬಗಳು ಮಳೆಗಾಲದ ನೆರೆಗೆ ಕಡಿದುಹೋಗಿ ಮಳೆ ನಿಂತ ಮೇಲೆ ಮತ್ತೆ ಕಟ್ಟಿಕೊಳ್ಳುತ್ತವೆ. ಹೋದ ವರ್ಷ ಹಕ್ಕಿ ಕೂತಿದ್ದ ಜಾಗ ಈ ವರ್ಷ ಇಲ್ಲದಿರಬಹುದು. ಋತುವಿನ ಮೊದಲ ಸಲ ಹೋಗುವಾಗ ಇಳಿತದಲ್ಲೊಮ್ಮೆ ನೋಡಿಕೊಂಡು ಬರುವುದು ಒಳ್ಳೆಯದು.

ಕೆಸರಿಗೆ ಇಳಿಯಬೇಡಿ. ಮೇಲೆ ಗಟ್ಟಿಯಾಗಿ ಕಂಡರೂ ಮೊಣಕಾಲುಮಟ್ಟ ಹೂತುಹೋಗುವ ಜಾಗಗಳಿರುತ್ತವೆ. ಮರುವಾಯಿ (ಚಿಪ್ಪುಜೀವಿ) ಹೆಕ್ಕುವವರು ನಡೆಯುವ ದಾರಿ ಬಿಟ್ಟು ಬೇರೆ ದಾರಿ ಹುಡುಕುವುದು ಬೇಡ. ಇಳಿತದಲ್ಲಿ ಕಾಲುವೆ ದಾಟಿ ದಿಬ್ಬ ಹತ್ತಿದವರು ಏರುವ ನೀರಿಗೆ ಆಚೆ ಬದಿಯಲ್ಲೇ ಸಿಕ್ಕಿಬೀಳುತ್ತಾರೆ. ಅಂದಹಾಗೆ, ಮರುವಾಯಿಯವರು ಇಪ್ಪತ್ತು ಅಡಿ ದೂರದಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದರೂ ಹಕ್ಕಿಗಳು ಏಳುವುದಿಲ್ಲ. ನೆಟ್ಟಗೆ ನಿಂತು, ಮಾತಾಡುತ್ತ, ನೇರವಾಗಿ ತಮ್ಮತ್ತ ನಡೆದು ಬರುವ ಹತ್ತು ಮಂದಿಯನ್ನು ಕಂಡರೆ ನೂರು ಮೀಟರಿಗೇ ಹಾರುತ್ತವೆ. ಓರೆಯಾಗಿ, ನಿಧಾನಕ್ಕೆ, ನಡುನಡುವೆ ಕುಳಿತು ಮುಂದೆ ಹೋದರೆ ಅರ್ಧಕ್ಕರ್ಧ ಹತ್ತಿರ ಸೇರಬಹುದು.

ಈಗ ಗುರುತಿಸುವ ವಿಷಯ. ಹೊಸಬರು ಬಣ್ಣ ನೋಡಲು ಹೋಗಿ ಸೋಲುತ್ತಾರೆ. ಮೊದಲು ನೋಡಬೇಕಾದದ್ದು ತಿನ್ನುವ ರೀತಿ. ಪ್ಲೋವರ್ ಕಣ್ಣಿನಿಂದ ಬೇಟೆಯಾಡುತ್ತದೆ. ಏಳೆಂಟು ಹೆಜ್ಜೆ ಓಡುತ್ತದೆ, ಥಟ್ಟನೆ ನಿಲ್ಲುತ್ತದೆ, ತಲೆ ಸ್ವಲ್ಪ ಓರೆ ಮಾಡುತ್ತದೆ, ಒಂದು ಸಲ ಕುಕ್ಕುತ್ತದೆ, ಮತ್ತೆ ಓಡುತ್ತದೆ. ಕಣ್ಣು ದೊಡ್ಡದು, ಕೊಕ್ಕು ಮೊಂಡು. ಗೊರವ ಕೊಕ್ಕಿನಿಂದ ತಡಕಾಡುತ್ತದೆ. ತಲೆ ತಗ್ಗಿಸಿ, ನಿಲ್ಲದೆ ನಡೆಯುತ್ತ, ಕೆಸರಿನೊಳಗೆ ಚುಚ್ಚಿ ಚುಚ್ಚಿ ನೋಡುತ್ತದೆ. ಈ ಒಂದು ವ್ಯತ್ಯಾಸ ಕಣ್ಣಿಗೆ ಹಿಡಿದರೆ ಹಿಂಡು ಎರಡು ಪಾಲಾಯಿತು, ಅರ್ಧ ಕೆಲಸ ಮುಗಿಯಿತು.

ಪ್ಲೋವರ್‌ಗಳಲ್ಲಿ ಕುತ್ತಿಗೆಯ ಸುತ್ತ ಪೂರ್ತಿ ಬಿಳಿ ಪಟ್ಟಿ ಇದ್ದು ಗಾತ್ರ ಗುಬ್ಬಿಗಿಂತ ಸ್ವಲ್ಪ ದೊಡ್ಡದಿದ್ದರೆ ಕೆಂಟಿಷ್ ಪ್ಲೋವರ್. ಬಿಳಿ ಪಟ್ಟಿ ಹಿಂಗುತ್ತಿಗೆಯಲ್ಲಿ ಇಲ್ಲದಿದ್ದರೆ ಸ್ಯಾಂಡ್ ಪ್ಲೋವರ್. ಅದರಲ್ಲಿ ಸಣ್ಣದು, ದೊಡ್ಡದು ಎಂದು ಎರಡು. ಜಗಳ ಶುರುವಾಗುವುದು ಇಲ್ಲೇ. ಒಂಟಿ ಹಕ್ಕಿಯ ಗಾತ್ರ ನೋಡಿ ತೀರ್ಮಾನಿಸಬೇಡಿ. ಕೊಕ್ಕಿನ ಉದ್ದವನ್ನು ಅದೇ ಹಕ್ಕಿಯ ಮುಖದ ಮೇಲೆ ಅಳೆಯಿರಿ. ಕೊಕ್ಕಿನ ಬುಡದಿಂದ ಕಣ್ಣಿನ ಹಿಂದಂಚಿನವರೆಗಿನ ದೂರಕ್ಕಿಂತ ಕೊಕ್ಕು ಗಿಡ್ಡವಿದ್ದರೆ ಸಣ್ಣದು; ಅಷ್ಟೇ ಅಥವಾ ಇನ್ನೂ ಉದ್ದವಿದ್ದು ತುದಿ ಚೂಪಾಗಿದ್ದರೆ ದೊಡ್ಡದು. ಸಣ್ಣ ಸ್ಯಾಂಡ್ ಪ್ಲೋವರನ್ನು ತಜ್ಞರು ಈಚೆಗೆ ಟಿಬೆಟನ್, ಸೈಬೀರಿಯನ್ ಎಂದು ಎರಡು ಜಾತಿ ಮಾಡಿದ್ದಾರೆ. ನಮ್ಮ ಪಶ್ಚಿಮ ಕರಾವಳಿಗೆ ಬರುವವು ಬಹುಪಾಲು ಟಿಬೆಟನ್. ಖಚಿತವಿಲ್ಲದಿದ್ದರೆ ‘ಸ್ಯಾಂಡ್ ಪ್ಲೋವರ್’ ಎಂದಷ್ಟೇ ಬರೆದುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಗೊರವಗಳಲ್ಲಿ ಬಾಲ ಕುಣಿಸುತ್ತ ಕಲ್ಲಿನ ಮೇಲೆ ಒಂಟಿಯಾಗಿ ಓಡಾಡುವುದು ಕಾಮನ್ ಸ್ಯಾಂಡ್‌ಪೈಪರ್. ಎದೆಯ ಪಕ್ಕದಲ್ಲಿ, ರೆಕ್ಕೆಯ ಮುಂದೆ, ಬಿಳಿ ಬಣ್ಣ ಬೆಣೆಯಂತೆ ಮೇಲೇರಿರುತ್ತದೆ. ಎಷ್ಟು ದೂರದಿಂದಲೂ ಇದು ತಪ್ಪುವುದಿಲ್ಲ. ಹಾರಿದಾಗ ರೆಕ್ಕೆಯ ಹಿಂದಂಚಿನಲ್ಲಿ ಅಗಲ ಬಿಳಿ ಪಟ್ಟಿ ಮಿಂಚಿದರೆ ರೆಡ್‌ಶ್ಯಾಂಕ್. ಹಸುರು ಕಾಲು, ತುಸು ಮೇಲಕ್ಕೆ ಬಾಗಿದ ಕೊಕ್ಕು, ‘ಟ್ಯೂ-ಟ್ಯೂ-ಟ್ಯೂ’ ಎಂದು ಮೂರು ಸಲ ಕೂಗಿ ಇಡೀ ಅಳಿವೆಯನ್ನು ಎಬ್ಬಿಸುವುದು ಗ್ರೀನ್‌ಶ್ಯಾಂಕ್. ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನವು ಎರಡು. ತಲೆಯ ಮೇಲೆ ಕಪ್ಪು ಪಟ್ಟೆಗಳಿದ್ದು ಕೊಕ್ಕು ಅಷ್ಟೇನೂ ಉದ್ದವಿಲ್ಲದ್ದು ವಿಂಬ್ರೆಲ್. ಪಟ್ಟೆಯಿಲ್ಲದ ತಲೆ, ತಲೆಯ ಮೂರರಷ್ಟು ಕೊಕ್ಕು ಇರುವುದು ಕರ್ಲ್ಯೂ. ವಿಂಬ್ರೆಲ್ ಏಡಿ ಹಿಡಿಯುವುದನ್ನು ದುರ್ಬೀನಿನಲ್ಲಿ ಒಮ್ಮೆ ನೋಡಬೇಕು. ಬಿಲದಿಂದ ಎಳೆದು, ನೆಲಕ್ಕೆ ಜಾಡಿಸಿ ಜಾಡಿಸಿ ಕಾಲುಗಳನ್ನು ಉದುರಿಸಿ, ಎಷ್ಟೋ ಸಲ ನೀರಿನ ಅಂಚಿಗೆ ಒಯ್ದು ಕೆಸರು ತೊಳೆದು, ಆಮೇಲೆ ನುಂಗುತ್ತದೆ.

ಕಡಲಕ್ಕಿ (ಗಲ್), ರೀವ (ಟರ್ನ್) ಇವುಗಳನ್ನು ಕಲಿಯಲು ಮಲ್ಪೆ ಅಥವಾ ಮಂಗಳೂರಿನ ಧಕ್ಕೆಗಿಂತ ಕೈರಂಪಣಿ ಬಲೆ ಎಳೆಯುವ ದಂಡೆ ವಾಸಿ. ಬಲೆ ದಡಕ್ಕೆ ಬರುವ ಹೊತ್ತಿಗೆ ಎಲ್ಲವೂ ತಲೆಯ ಮೇಲೇ ಹಾರುತ್ತಿರುತ್ತವೆ. ಚಳಿಗಾಲದಲ್ಲಿ ಬ್ರೌನ್-ಹೆಡೆಡ್, ಬ್ಲ್ಯಾಕ್-ಹೆಡೆಡ್ ಎರಡರ ತಲೆಯೂ ಬಿಳಿ, ಕಿವಿಯ ಬಳಿ ಒಂದು ಕಪ್ಪು ಚುಕ್ಕೆ ಅಷ್ಟೇ. ರೆಕ್ಕೆಯ ತುದಿ ನೋಡಿ. ಕಪ್ಪು ತುದಿಯೊಳಗೆ ಬಿಳಿ ಮಚ್ಚೆ ಇದ್ದರೆ ಬ್ರೌನ್-ಹೆಡೆಡ್. ರೆಕ್ಕೆಯ ಮುಂದಂಚು ಉದ್ದಕ್ಕೂ ಬಿಳಿಯಾಗಿದ್ದರೆ ಬ್ಲ್ಯಾಕ್-ಹೆಡೆಡ್. ಮೊದಲ ವರ್ಷದ ಹಕ್ಕಿಗಳಲ್ಲಿ ಬಿಳಿ ಮಚ್ಚೆ ಇರುವುದಿಲ್ಲ, ಅಲ್ಲಿ ಎಚ್ಚರ. ರೀವಗಳಿಗೆ ಕೊಕ್ಕೇ ಗುರುತು. ಕಿತ್ತಳೆಯಾದರೆ ಲೆಸ್ಸರ್ ಕ್ರೆಸ್ಟೆಡ್, ಮಾಸಲು ಹಳದಿಯಾಗಿ ಮೈಯೂ ದೊಡ್ಡದಿದ್ದರೆ ಗ್ರೇಟರ್ ಕ್ರೆಸ್ಟೆಡ್, ಕಪ್ಪಾಗಿ ತುದಿ ಮಾತ್ರ ಹಳದಿಯಾದರೆ ಸ್ಯಾಂಡ್‌ವಿಚ್, ದಪ್ಪ ಕಪ್ಪಾದರೆ ಗಲ್-ಬಿಲ್ಡ್, ದೊಡ್ಡ ಕೆಂಪು ಕೊಕ್ಕಾದರೆ ಕ್ಯಾಸ್ಪಿಯನ್.

ಬೈಲು ಗದ್ದೆಗಳಿಗೆ ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲು ಮುಗಿದ ಮೊದಲ ಎರಡು ವಾರ ಚಿನ್ನದಂಥ ಕಾಲ. ಕೂಳೆಯ ನಡುವೆ ನೀರು ನಿಂತಿರುವಷ್ಟು ದಿನ ವುಡ್ ಸ್ಯಾಂಡ್‌ಪೈಪರ್, ಸ್ನೈಪ್, ಸೈಬೀರಿಯಾದ ತುಂಡ್ರಾದಿಂದ ಬರುವ ಗೋಲ್ಡನ್ ಪ್ಲೋವರ್, ಹಳದಿ ಸಿಪಿಲೆಗಳು ಇರುತ್ತವೆ. ಗದ್ದೆ ಪೂರ್ತಿ ಒಣಗಿದರೆ ಸಿಪಿಲೆ ಮಾತ್ರ ಉಳಿಯುತ್ತದೆ. ಹಳದಿ ಸಿಪಿಲೆಯ ಕಾಲು ಕಪ್ಪು, ಬೂದು ಸಿಪಿಲೆಯ ಕಾಲು ತಿಳಿ ಗುಲಾಬಿ, ಬಾಲ ತೀರ ಉದ್ದ. ಹೊಟ್ಟೆಯ ಹಳದಿ ಎರಡರಲ್ಲೂ ಇರುವುದರಿಂದ ಅದನ್ನು ನಂಬಬೇಡಿ. ಕೊಣಾಜೆಯಂಥ ಮುರಕಲ್ಲು ಪದವುಗಳಲ್ಲಿ ಹುಲ್ಲು ಇನ್ನೂ ಇರುವಾಗ ಸಂಜೆ ಹೊತ್ತು ಹ್ಯಾರಿಯರ್ ಎಂಬ ಬೇಟೆಹಕ್ಕಿಗಳನ್ನು ಹುಡುಕಬಹುದು. ಹುಲ್ಲಿಗೆ ಬೆಂಕಿ ಬಿದ್ದ ಮೇಲೆ ಅಲ್ಲೇನೂ ಇರುವುದಿಲ್ಲ.

ಮನೆಯ ತೋಟದ ಹಕ್ಕಿಗಳಲ್ಲಿ ಒಂದರ ಬಗ್ಗೆ ಹೇಳಲೇಬೇಕು. ಅಕ್ಟೋಬರಿನಲ್ಲಿ ನವರಂಗಗಳು ರಾತ್ರಿ ಹಾರಿ ಬಂದು ಸುಸ್ತಾಗಿ ಇಳಿಯುತ್ತವೆ. ದೀಪಕ್ಕೆ ಮರುಳಾಗಿ ಮನೆಯೊಳಗೆ ನುಗ್ಗುತ್ತವೆ, ಕಿಟಕಿ ಗಾಜಿಗೆ ಡಿಕ್ಕಿ ಹೊಡೆಯುತ್ತವೆ. ಅಂಗಳದಲ್ಲಿ ಬಣ್ಣದ ಹಕ್ಕಿ ಬಿದ್ದುಕೊಂಡಿದೆ ಎಂದು ಜನ ಮೊದಲು ಮಾಡುವುದು ಬಾಯಿ ತೆರೆದು ನೀರು ಹೊಯ್ಯುವುದು. ಅದರಿಂದಲೇ ಎಷ್ಟೋ ಹಕ್ಕಿ ಸಾಯುತ್ತವೆ, ನೀರು ಶ್ವಾಸನಾಳಕ್ಕೆ ಹೋಗಿ. ನೀರು ಬೇಡ, ಅನ್ನ ಬೇಡ. ಒಂದು ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು ಮಾಡಿ, ತಳಕ್ಕೆ ಹಳೆ ಬಟ್ಟೆ ಹಾಸಿ, ಹಕ್ಕಿಯನ್ನು ಒಳಗಿಟ್ಟು ಮುಚ್ಚಿ, ಬೆಕ್ಕು, ಮಕ್ಕಳ ಕೈಗೆ ಸಿಗದ ತಣ್ಣನೆಯ ಕೋಣೆಯಲ್ಲಿ ಒಂದರಿಂದ ಎರಡು ಗಂಟೆ ಬಿಡಿ. ಕತ್ತಲೆಯೇ ಅದಕ್ಕೆ ಮದ್ದು. ಆಮೇಲೆ ಪೆಟ್ಟಿಗೆಯನ್ನು ತೋಟದ ಪೊದೆಯ ಬಳಿ ಒಯ್ದು ಮುಚ್ಚಳ ತೆಗೆದರೆ ಹೆಚ್ಚಿನವು ತಾವೇ ಹೋಗುತ್ತವೆ. ರೆಕ್ಕೆ ಜೋತುಬಿದ್ದಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ.

ದುರ್ಬೀನು 8x42 ಇರಲಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 10 ಪಟ್ಟಿನದು ಆಸೆ ಹುಟ್ಟಿಸುತ್ತದೆ, ಆದರೆ ಕಡಲಗಾಳಿಗೆ ಕೈ ಅಲುಗಿ ಚಿತ್ರ ನಿಲ್ಲುವುದಿಲ್ಲ. ಹತ್ತು-ಹದಿನೈದು ಸಾವಿರದ ಒಳಗೆ ಬೇಕಾದಷ್ಟು ಒಳ್ಳೆಯದು ಸಿಗುತ್ತದೆ. ಕೊಂಡವರಲ್ಲಿ ಬಹಳ ಮಂದಿ ಬಲಗಣ್ಣಿನ ಉಂಗುರವನ್ನು ಒಮ್ಮೆಯೂ ತಿರುಗಿಸಿರುವುದಿಲ್ಲ, ‘ಮಸುಕಾಗಿ ಕಾಣುತ್ತದೆ’ ಎಂದು ದೂರುತ್ತಾರೆ. ಬಲಗಡೆಯ ಗಾಜಿಗೆ ಕೈ ಅಡ್ಡ ಹಿಡಿದು, ದೂರದ ಒಂದು ಫಲಕದ ಅಕ್ಷರವನ್ನು ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಅದೇ ಅಕ್ಷರವನ್ನು ಉಂಗುರದಿಂದ ಬಲಗಣ್ಣಿಗೆ ಸರಿ ಮಾಡಿ. ಒಂದು ಸಲ ಮಾಡಿದರೆ ಆಯಿತು. ನಮ್ಮೂರಿನಲ್ಲಿ ದುರ್ಬೀನನ್ನು ಹಾಳು ಮಾಡುವುದು ಬೂಷ್ಟು. ಮಳೆಗಾಲದಲ್ಲಿ ಅದರ ಚೀಲದೊಳಗೇ ಕಪಾಟಿನಲ್ಲಿಟ್ಟರೆ ನವರಾತ್ರಿಯ ಹೊತ್ತಿಗೆ ಗಾಜಿನ ಮೇಲೆ ಜೇಡರ ಬಲೆಯಂಥ ಗೀರು ಹುಟ್ಟಿರುತ್ತದೆ. ಚೀಲದಿಂದ ತೆಗೆದು, ಗಾಳಿಯಾಡದ ಡಬ್ಬದಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಕಾಳು ಗುಲಾಬಿಗೆ ತಿರುಗಿದರೆ ತೇವ ಹೀರಿ ಮುಗಿದಿದೆ ಎಂದರ್ಥ. ಅದನ್ನು ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ನೀಲಿ ಮಾಡಿಕೊಳ್ಳಬಹುದು. ಕಡಲಿಂದ ಬಂದ ದಿನ ಒದ್ದೆ ಬಟ್ಟೆಯಿಂದ ಉಪ್ಪು ಒರೆಸಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಮರಳ ಕಣ ಗಾಜನ್ನು ಗೀಚುತ್ತದೆ.

ಉಬ್ಬರದ ಹೊತ್ತು ಅಚ್ಚಾದರೆ ಕೂತ ಹಕ್ಕಿಗಳ ಮೇಲೆ ಜನ ಮುಗಿಬೀಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಈಗಲೂ ಆಗುತ್ತಿರುವುದು ಅದೇ, ಹೊತ್ತು ಗೊತ್ತಿಲ್ಲದೆ. ತುಂಬಿದ ನೀರಿನ ಎರಡು ಗಂಟೆ ಹಕ್ಕಿಗೆ ವಿಶ್ರಾಂತಿಯ ಸಮಯ. ಒಂದು ಕಾಲಿನಲ್ಲಿ ನಿಂತು, ಕೊಕ್ಕನ್ನು ಬೆನ್ನಿಗೆ ಹುದುಗಿಸಿ ನಿದ್ದೆ ಮಾಡುತ್ತದೆ. ಬೇರೆಲ್ಲ ಕಡೆ ನೀರು ಇರುವುದರಿಂದ ಎಬ್ಬಿಸಿದರೆ ಅದಕ್ಕೆ ಹೋಗಲು ಜಾಗವಿಲ್ಲ, ಗಾಳಿಯಲ್ಲೇ ಸುತ್ತುತ್ತಿರಬೇಕು. ಹಾರುವ ಚಿತ್ರ ಬೇಕೆಂದು ಕ್ಯಾಮೆರಾದವರು ಚಪ್ಪಾಳೆ ತಟ್ಟಿ, ಓಡಿ ಎಬ್ಬಿಸುವುದುಂಟು. ಬೀದಿನಾಯಿಗಳು, ದಂಡೆಯ ಮೇಲೆ ಓಡಿಸುವ ಜೀಪುಗಳು ಬೇರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇದು ಇನ್ನೂ ಕೆಟ್ಟದು, ಏಕೆಂದರೆ ಆಗ ಅವು ವಾಪಸ್ ಹಾರಲು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತಿರುತ್ತವೆ. ಆದ್ದರಿಂದ ಉಬ್ಬರದ ತುದಿಗೆ ಅರ್ಧ ಗಂಟೆ ಇರುವಾಗಲೇ ನೋಡುವುದು ಮುಗಿಸಿ ಹಿಂದೆ ಸರಿಯಬೇಕು. ಹಿಂಡಿನಲ್ಲಿ ಮಲಗಿದ್ದ ಹಕ್ಕಿಗಳು ತಲೆ ಎತ್ತಿ ನಿಮ್ಮತ್ತ ನೋಡಿದರೆ ಆಗಲೇ ನೀವು ಹತ್ತಿರವಾದಿರಿ. ಅವು ನಡೆಯತೊಡಗಿದರೆ ನಿಂತುಬಿಡಿ. ಮೊಬೈಲಿನಿಂದ ಕೂಗು ಕೇಳಿಸಿ ಹಕ್ಕಿ ಕರೆಯುವುದಂತೂ ಬೇಡವೇ ಬೇಡ. 2024ರಲ್ಲಿ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ತನ್ನ ಕೆಂಪು ಪಟ್ಟಿಯಲ್ಲಿ 16 ಜಾತಿಯ ದಂಡೆಹಕ್ಕಿಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಏರಿಸಿತು. ಗ್ರೇ ಪ್ಲೋವರ್, ಕರ್ಲ್ಯೂ ಸ್ಯಾಂಡ್‌ಪೈಪರ್, ಟರ್ನ್‌ಸ್ಟೋನ್ ಅದರಲ್ಲಿವೆ, ಮೂರೂ ನಮ್ಮ ಅಳಿವೆಗಳಿಗೆ ಬರುವವು.

ನೋಡಿದ್ದನ್ನು ಬರೆದಿಡಿ. ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕುವಾಗ ಅಪರೂಪದ್ದನ್ನು ಮಾತ್ರ ಹಾಕುವ ಚಾಳಿ ಬೇಡ. ಹದಿನೈದು ನಿಮಿಷದ್ದಾದರೂ ಸರಿ, ಕಾಗೆ, ಗರುಡ, ಬೆಳ್ಳಕ್ಕಿ ಸೇರಿ ಕಂಡದ್ದೆಲ್ಲ ಇರಲಿ, ಜೊತೆಗೆ ಸಂಖ್ಯೆ. ದೊಡ್ಡ ಹಿಂಡಾದರೆ ಮೊದಲು ಹತ್ತು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ಹಿಡಿಯುತ್ತವೆ ನೋಡಿ, ಅಂಥ ಎಷ್ಟು ತುಂಡುಗಳಿವೆ ಎಂದು ಲೆಕ್ಕ ಹಾಕಿ. ಟಿಪ್ಪಣಿಯಲ್ಲಿ ನೀರಿನ ಸ್ಥಿತಿ ಬರೆಯಿರಿ: ಏರುತ್ತಿತ್ತೇ, ಇಳಿಯುತ್ತಿತ್ತೇ. ಅದಿಲ್ಲದೆ ಎರಡು ದಿನದ ಸಂಖ್ಯೆಗಳನ್ನು ಹೋಲಿಸುವುದು ವ್ಯರ್ಥ. ಕಾಲಿನಲ್ಲಿ ಬಣ್ಣದ ಪಟ್ಟಿ ಕಂಡರೆ ಯಾವ ಕಾಲು, ಕೀಲಿನ ಮೇಲೋ ಕೆಳಗೋ, ಯಾವ ಬಣ್ಣ, ಏನು ಅಕ್ಷರ, ಎಲ್ಲ ಬರೆದು ಚಿತ್ರದೊಂದಿಗೆ ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿ. ನವೆಂಬರ್ ಮೊದಲ ವಾರಗಳಲ್ಲಿ ಸಲೀಂ ಅಲಿ ಪಕ್ಷಿ ಗಣತಿ, ಜನವರಿಯಲ್ಲಿ 1987ರಿಂದ ನಡೆಯುತ್ತಿರುವ ಏಷ್ಯಾದ ನೀರಹಕ್ಕಿ ಗಣತಿ, ಫೆಬ್ರವರಿಯಲ್ಲಿ ನಾಲ್ಕು ದಿನದ ಹಿತ್ತಲ ಪಕ್ಷಿ ಗಣತಿ. ಮೂರಕ್ಕೂ ಯಾರು ಬೇಕಾದರೂ ಸೇರಬಹುದು.

ಅಚ್ಚಿನ ವಿಷಯಕ್ಕೆ ಬಂದರೆ, ಪಣಂಬೂರಿನ ಲೆಕ್ಕ ಒಂದೇ ಸಾಕು. ಮೂಲ್ಕಿಯಿಂದ ಗಂಗೊಳ್ಳಿಯವರೆಗಿನ ಅಳಿವೆ ಬಾಯಿಗಳಿಗೆ ಹೆಚ್ಚು ವ್ಯತ್ಯಾಸವಾಗದು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿಯೊಂದರ ಪಕ್ಕ ಎತ್ತರ ಮೀಟರಿನಲ್ಲಿ. ಹಿಂದಿನ ದಿನವೇ ಮರುದಿನದ್ದನ್ನು ಹಾಕಿದರೆ ಹೊರಡುವವರಿಗೂ, ನಾಡದೋಣಿಯವರಿಗೂ, ಮರುವಾಯಿಯವರಿಗೂ ಅನುಕೂಲ. ಜಾಗ ಸಾಲದಿದ್ದರೆ ಎರಡು ಉಬ್ಬರದ ಹೊತ್ತಷ್ಟೇ ಇರಲಿ. ಅದಕ್ಕೆ ಆರು ಗಂಟೆ ಹತ್ತು-ಹನ್ನೆರಡು ನಿಮಿಷ ಕೂಡಿಸಿ ಇಳಿತವನ್ನು ಓದುಗರೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಇಂತಿ,
ಉಡುಪಿ-ಮಂಗಳೂರಿನ ಕೆಲವು ಪಕ್ಷಿವೀಕ್ಷಕರು